ಬಾಗಿಲ ಗಾಜಿಗೆ ಮೂವತ್ತೊಂದು ಹಕ್ಕಿ

ಹೊಲಿಗೆ ಅಂಗಡಿಯವಳಿಗೆ ಒಬ್ಬಳೇ ಮಗಳು, ಎರಡನೇ ಕ್ಲಾಸು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಸೋದರಮಾವ ಪಿಟೀಲು ಎಂದು ಕರೆದದ್ದು ಹಾಗೇ ಅಂಟಿಕೊಂಡಿತ್ತು. ಅಳು ನಿಂತು ಎಷ್ಟೋ ಕಾಲವಾಗಿತ್ತು. ಈಗ ಅದೇ ದನಿಯಲ್ಲಿ ಮಾತು, ಮಾತಿನಲ್ಲಿ ಮುಕ್ಕಾಲು ಪಾಲು ಹೊಸ ಟೀಚರದ್ದೇ.

ಹೊಸ ಟೀಚರ್ ಬಂದದ್ದು ವರ್ಷದ ನಡುವೆ. ಎಡಗೈಯಲ್ಲಿ ಬರೆದರೂ ಅಕ್ಷರ ಅಚ್ಚುಕಟ್ಟಂತೆ. ಯಾರಿಗೂ ಒಂದು ಏಟು ಹಾಕಿಲ್ಲವಂತೆ. ಕ್ಲಾಸಿನ ಫೋಟೋ ತೆಗೆಯುವ ದಿನ ಮಾತ್ರ ತಲೆನೋವೆಂದು ಒಳಗೇ ಕೂತುಬಿಟ್ಟರಂತೆ. ಕ್ಲಾಸಿನ ಬಾಗಿಲಿನ ಗಾಜಿಗೆ ಹಳೇ ಪೇಪರು ಅಂಟಿಸುತ್ತಾರಂತೆ, ಹರಿದರೆ ಅದರ ಮೇಲೆ ಇನ್ನೊಂದು. ಪಕ್ಕದ ಕ್ಲಾಸಿನವರು ರದ್ದಿ ಅಂಗಡಿ ಎಂದು ಆಡಿಕೊಳ್ಳುವುದು ಪಿಟೀಲಿಗೆ ನುಂಗಲಾರದ ತುತ್ತಾಗಿತ್ತು.

"ಅಮ್ಮಾ, ಆ ಗಾಜಿಗೆ ಚೆನ್ನಾಗಿರೋದು ಏನಾದ್ರೂ ಹೊಲಿದುಕೊಡು. ಟೀಚರ್‌ಗೆ ನಮ್ಮೆಲ್ಲರ ಕಡೆಯಿಂದ," ಎಂದಳು. ಗಾಜಿನ ಅಳತೆಯನ್ನು ಸ್ಕೇಲಿನಲ್ಲಿ ಹಿಡಿದು ಅಂಗೈ ಮೇಲೆ ಬರೆದುಕೊಂಡೇ ಬಂದಿದ್ದಳು.

ಪೇಪರು ಯಾಕೆ ಅಂಟಿಸುತ್ತಾರೆಂದು ತಾಯಿ ಕೇಳಲಿಲ್ಲ. ಬಿಸಿಲು ಬೀಳುತ್ತದೇನೋ ಅಂದುಕೊಂಡಳು.

ಪರದೆ ಹೊಲಿದು ಮಿಕ್ಕಿದ್ದ ದಪ್ಪ ನೀಲಿ ಬಟ್ಟೆ ತೆಗೆದಳು. ಅದರ ಮೇಲೆ ಮಗುವಿಗೊಂದರಂತೆ ಮೂವತ್ತೊಂದು ಹಕ್ಕಿ. ಪಿಟೀಲು ಕಟಿಂಗ್ ಮೇಜಿನ ಕೆಳಗೆ ಕೂತು ಚೂರು ಬಟ್ಟೆ ಆರಿಸುತ್ತ, ಯಾರಿಗೆ ಯಾವ ಬಣ್ಣವೆಂದು ತೀರ್ಪು ಕೊಡುತ್ತಿದ್ದಳು. ಸದಾ ಮೂಗು ಸುರಿಸುವವನಿಗೆ ಹಸಿರು, ಚಾಡಿ ಹೇಳುವವಳಿಗೆ ಪ್ಯಾಂಟಿನ ಜೇಬಿನ ಬಟ್ಟೆ. ನಟ್ಟನಡುವೆ ಟೀಚರ್‌ದೊಂದು ದೊಡ್ಡ ಹಳದಿ ಹಕ್ಕಿ, ಕೆಳಗೆ ಕೆಂಪು ದಾರದಲ್ಲಿ 'ನಮ್ಮ ಟೀಚರ್‌ಗೆ'. ನಾಲ್ಕು ದಿನದ ಕೆಲಸ. ದೊಡ್ಡ ಹಕ್ಕಿಗೆ ಕಣ್ಣಾಗುವಂಥ ಗುಂಡಿ ಮಾತ್ರ ಡಬ್ಬಿಯೆಲ್ಲ ಜಾಲಾಡಿದರೂ ಸಿಗಲಿಲ್ಲ. ಇರಲಿ ಎಂದು ಇಸ್ತ್ರಿ ಮಾಡಿ, ಅಂಗಡಿಯ ಮುಂದಿನ ಗಾಜಿಗೆ ತೂಗುಹಾಕಿದಳು.

ಮಧ್ಯಾಹ್ನ ಒಬ್ಬ ಗಂಡಸು ಅದರ ಮುಂದೆ ಬಹಳ ಹೊತ್ತು ನಿಂತು ಒಳಗೆ ಬಂದ. ನೀಟಾದ ಮನುಷ್ಯ, ಮೆತ್ತಗಿನ ಮಾತು. ಕೋಟಿನ ಅಸ್ತರಿ ಬಿಚ್ಚಿಕೊಂಡಿದೆಯೆಂದು ತೆಗೆದುಕೊಟ್ಟ. ಆಮೇಲೆ ಹಕ್ಕಿಗಳನ್ನು ಹೊಗಳಿದ. ಹೊಗಳಿದರೆ ಯಾರ ಬಾಯಿ ತಾನೇ ಸುಮ್ಮನಿರುತ್ತದೆ? ಮಗಳ ಸ್ಕೂಲು, ವರ್ಷದ ನಡುವೆ ಬಂದ ಟೀಚರು, ಮಹಡಿಯ ಮೇಲೆ ಮೆಟ್ಟಿಲ ಪಕ್ಕದ ಕೋಣೆ, ಎಲ್ಲವನ್ನೂ ಅವಳು ಬಾಯಿ ತುಂಬ ಹೇಳಿಬಿಟ್ಟಳು.

"ಎಡಗೈಯಲ್ಲಿ ಬರೀತಾರಾ?" ಎಂದ ಅವನು.

ಹೌದು, ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಸುಮ್ಮನೆ ಕೇಳಿದೆ ಎಂದು ನಕ್ಕ. ಕೋಟಿನ ಒಳಮಗ್ಗುಲಲ್ಲಿ ಹೆಚ್ಚಿಗೆಂದು ಹೊಲಿದಿದ್ದ ಗುಂಡಿಯನ್ನು ಅಲ್ಲೇ ಇದ್ದ ಕತ್ತರಿಯಿಂದ ಬಿಡಿಸಿ ಮೇಜಿನ ಮೇಲಿಟ್ಟ. ಕಡು ಹಸಿರಿನ ಗುಂಡಿ, ನಡುವೆ ಬಿಳಿ ಗೆರೆ. "ಕಣ್ಣಿಗೆ ಇದನ್ನ ಹಾಕಿ," ಎಂದು ಹೇಳಿ ಹೋದ. ಹಕ್ಕಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅದನ್ನು ಹೊಲಿಯುವಾಗ ಅವಳಿಗೇಕೋ ಕಸಿವಿಸಿ. ಎರಡು ಸಲ ಸೂಜಿ ಚುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ತಾಯಿ ಮಗಳಿಬ್ಬರೂ ಅದನ್ನು ಒಯ್ದರು. ಮಕ್ಕಳು ಮುತ್ತಿಕೊಂಡು ತಮ್ಮ ತಮ್ಮ ಹಕ್ಕಿ ಹುಡುಕಿಕೊಂಡರು. ಟೀಚರ್‌ಗೆ ಕಣ್ಣು ತುಂಬಿಬಂತು. ಹಳದಿ ಹಕ್ಕಿಯನ್ನು ಸವರುತ್ತಿದ್ದ ಬೆರಳು ಕಣ್ಣಿನ ಹತ್ತಿರ ನಿಂತಿತು. ಮಕ್ಕಳಿಗೆ ಒಂದು ಪುಟ ಬರೆಯಲು ಹೇಳಿ, ತಾಯಿಯನ್ನು ಬಾಗಿಲ ಹೊರಗೆ ಕರೆದರು.

"ಈ ಗುಂಡಿ ಎಲ್ಲಿ ಸಿಕ್ತು ನಿಮಗೆ?"

ತಾಯಿ ಕೋಟಿನವನ ವಿಷಯ ಹೇಳಿದಳು. ಟೀಚರ್ ಗೋಡೆಗೆ ಒರಗಿಕೊಂಡರು.

"ನನ್ನ ಗಂಡ. ಆ ಗುಂಡಿಗಳನ್ನ ಹುಡುಕಿ ತಂದು ಹೊಲಿದವಳು ನಾನೇ. ಅವನ ಕೈಗೆ ಸಿಗಬಾರದು ಅಂತ ನಾನು ಬದಲಾಯಿಸಿದ ಮೂರನೇ ಊರು ಇದು." ಆಮೇಲೆ, "ಯಾವ ಕೋಣೆ ಅಂತಾನೂ ಹೇಳಿದ್ರಾ?" ಎಂದರು.

ತಾಯಿ ತಲೆ ತಗ್ಗಿಸಿದಳು. ಟೀಚರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಂದಿನದು ಅರ್ಧ ಗಂಟೆಯಲ್ಲಿ ಮುಗಿಯಿತು. ಹೆಡ್‌ಮಿಸ್ ಪೊಲೀಸರಿಗೆ ಫೋನ್ ಮಾಡಿದರು. ಕೋಟು ರಿಪೇರಿಗೆ ಕೊಡುವುದು ಅಪರಾಧವಲ್ಲವಲ್ಲ, ಏನಾದರೂ ಆದರೆ ತಿಳಿಸಿ ಎಂದು ಆ ಕಡೆಯಿಂದ ಉತ್ತರ ಬಂತು. ಸ್ಕೂಲಿನ ವ್ಯಾನನ್ನು ಹಿಂದಿನ ಗೇಟಿಗೆ ತರಿಸಿದರು. ಟೀಚರ್ ಪಿಟೀಲಿನ ಕೆನ್ನೆ ಮುಟ್ಟಿ, ಕಾಗದ ಬರೀತೀನಿ ಎಂದು ಹೇಳಿ, ಒಂದು ಕೈಚೀಲದೊಂದಿಗೆ ಹೊರಟುಹೋದರು. ಹಕ್ಕಿಗಳು ಮೇಜಿನ ಮೇಲೆಯೇ ಉಳಿದವು.

ಎರಡು ದಿನ ಬಿಟ್ಟು ಅವನು ಕೋಟಿಗೆ ಬಂದ. ಪಿಟೀಲು ಮೇಜಿನ ಪಕ್ಕ ಮಗ್ಗಿ ಬರೆಯುತ್ತಿದ್ದಳು. ಅವನನ್ನು ಕಂಡದ್ದೇ ತಾಯಿ ಕತ್ತರಿ ಕೈಗೆತ್ತಿಕೊಂಡಳು. ಮಗಳನ್ನು ಮೇಲಿನ ಮನೆಗೆ ಕಳಿಸಿದಳು.

"ಟೀಚರ್ ಇಲ್ಲ. ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ," ಎಂದಳು.

"ನಿಮಗೆ ಗೊತ್ತಿರಲ್ಲ ಬಿಡಿ," ಎಂದ. ಗಿರಾಕಿಗಳ ಸ್ಟೂಲೆಳೆದು ಕೂತ. ಕೋಟು ಹಾಕಿಕೊಂಡು ಒಂದೊಂದೇ ಗುಂಡಿ ನಿಧಾನವಾಗಿ ಹಾಕಿದ. "ನನಗೇನೂ ಆತುರ ಇಲ್ಲಮ್ಮ. ಅವಳಿಗೆ ಮಕ್ಕಳು ಅಂದ್ರೆ ಪ್ರಾಣ. ಕಾಗದ ಬರೀದೆ ಇರಲ್ಲ. ಹೋದ ಊರಲ್ಲೂ ಹಾಗೇ ಸಿಕ್ಕಿದ್ದು. ನಿಮ್ಮ ಮಗಳು ಜಾಣೆ, ಕಾಗದ ಬಂದರೆ ಜೋಪಾನವಾಗಿ ಇಟ್ಕೋತಾಳೆ."

ಬೀದಿಯ ತಿರುವಿನಲ್ಲಿ ಅವನು ಮರೆಯಾಗುವ ತನಕ ಅವಳು ಕತ್ತರಿಯನ್ನು ಕೈಯಿಂದ ಬಿಡಲಿಲ್ಲ. ಆಮೇಲೆ ಹೆಡ್‌ಮಿಸ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ವ್ಯಾನು ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಬಿಟ್ಟು ಬಂದಿತ್ತು; ಅಲ್ಲಿಂದ ಟೀಚರ್ ಎಲ್ಲಿಗೆ ಹೋದರೆಂದು ಅವರಿಗೂ ತಿಳಿದಿರಲಿಲ್ಲ. ಬರೆಯಬೇಡಿ ಎಂದು ಹೇಳಿ ಕಳಿಸಲು ದಾರಿಯೇ ಇರಲಿಲ್ಲ.

ಅಂದಿನಿಂದ ಅವಳು ಪೋಸ್ಟಿನವನ ದಾರಿ ಕಾಯತೊಡಗಿದಳು. ಮಗಳ ಹೆಸರಿಗೆ ಏನು ಬಂದರೂ ತನ್ನ ಕೈಗೇ ಕೊಡಬೇಕೆಂದು ಅವನಿಗೆ ಹೇಳಿಟ್ಟಳು. ಮೂರನೇ ವಾರ ಲಕೋಟೆ ಬಂತು. ಮಗಳ ನೋಟ್‌ಬುಕ್ಕಿನಲ್ಲಿ ದಿನಾ ನೋಡುತ್ತಿದ್ದ ಅದೇ ಅಕ್ಷರ. ಹಿಂದೆ ವಿಳಾಸವಿದ್ದರೆ ಕಣ್ಣಿಗೆ ಬೀಳುವುದೇ ಬೇಡವೆಂದು ಹಿಂಬದಿಯನ್ನು ಅಂಗೈಗೆ ಒತ್ತಿ ಹಿಡಿದುಕೊಂಡು ಹೋಗಿ, ಬಚ್ಚಲಿನಲ್ಲಿ ಸುಟ್ಟು ನೀರು ಹುಯ್ದಳು. ಬರೆಯಬೇಡಿ ಎಂದು ಆ ವಿಳಾಸಕ್ಕೆ ಒಂದು ಸಾಲು ಹಾಕಬಹುದಿತ್ತು, ಆದರೆ ತನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ; ತನಗೇ ಗೊತ್ತಿರದಿದ್ದರೆ ಬಾಯಿಂದ ಜಾರುವ ಮಾತೇ ಇಲ್ಲವಲ್ಲ.

ಸಂಜೆ ಪಿಟೀಲು ಬಂದವಳೇ ಎಂದಿನಂತೆ, "ಬಂತಾ?" ಎಂದಳು. ಇಲ್ಲ ಎಂದಳು ತಾಯಿ. ಟೀಚರ್ ಮರೆತುಬಿಟ್ರಾ ಎಂದು ಕೇಳಿದಳು ಮಗಳು. ಮರೆತಿರಬೇಕು ಕಣೇ ಎಂದು ಹೇಳಿ ಮೆಷಿನ್ ತುಳಿಯತೊಡಗಿದಳು.

ಮುಂದಿನ ತಿಂಗಳು ಇನ್ನೊಂದು ಬಂತು. ಅದೂ ಬಚ್ಚಲಿಗೇ ಹೋಯಿತು. ಮೂರನೆಯದು ಬರಲಿಲ್ಲ. ಉತ್ತರ ಕಾಣದೆ ಟೀಚರ್ ಬೇಸತ್ತು ಬಿಟ್ಟರೋ, ಇಲ್ಲ ಕ್ಲಾಸಿನ ಉಳಿದ ಮೂವತ್ತು ಮಕ್ಕಳಲ್ಲಿ ಇನ್ನಾರದೋ ಮನೆಗೆ ಹೋದ ಕಾಗದ ಅವನ ಕೈಗೆ ಸಿಕ್ಕಿತೋ, ಅವಳಿಗೆ ತಿಳಿಯಲಿಲ್ಲ. ಪಿಟೀಲು ಕೇಳುವುದನ್ನು ನಿಲ್ಲಿಸಿದಳು. ತಾಯಿ ಮಾತ್ರ ಪೋಸ್ಟಿನವನ ಸೈಕಲ್ಲು ಕಂಡಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಾಳೆ. ಕಾಗದ ಇರಲಿ ಎಂದು ಬೇಡಿಕೊಳ್ಳುವುದೋ, ಇಲ್ಲದಿರಲಿ ಎಂದು ಬೇಡಿಕೊಳ್ಳುವುದೋ ಅವಳಿಗೇ ಗೊತ್ತಾಗುವುದಿಲ್ಲ.