ನೊರೆ ಆರುವ ತನಕ

"ನೊರೆ ಸಾಲ್ದು ಅಮ್ಮಾ, ಇನ್ನೂ ಉಜ್ಜಿ. ಫೋಟೋದಲ್ಲಿ ಎದ್ದು ಕಾಣ್ಬೇಕು," ಎಂದ ಕ್ಯಾಮೆರಾದವನು.

ಇಸ್ತ್ರಿ ಅಂಗಡಿಯವಳು ಉಜ್ಜಿದಳು. ಬೆರಳ ಸಂದು, ಉಗುರಿನ ಬುಡ, ಮುಂಗೈ, ಎಲ್ಲವನ್ನೂ ಆರೋಗ್ಯಾಧಿಕಾರಿ ಬೆಳಿಗ್ಗೆ ಹೇಳಿಕೊಟ್ಟ ಕ್ರಮದಲ್ಲೇ. ಗಲ್ಲಿಯ ಬಾಯಲ್ಲಿ ಹೊಸ ಸ್ಟೀಲ್ ಬೇಸಿನ್ ನಿಲ್ಲಿಸಿದ್ದರು. ಅದರ ಹಿಂದೆ, 'ಕೈ ತೊಳೆಯಿರಿ, ರೋಗ ತಡೆಯಿರಿ' ಎಂಬ ಬ್ಯಾನರಿನ ಮರೆಯಲ್ಲಿ, ಬೇಸಿನ್ನಿನ ನಲ್ಲಿಗೆ ನೀರು ಕೊಡುವ ಟ್ಯಾಂಕರ್. ಪಕ್ಕದಲ್ಲಿ ಮಂತ್ರಿಗಳು ಬಿಳಿ ಟವೆಲ್ ಹಿಡಿದು ಕಾಯುತ್ತಿದ್ದರು. ಅವಳು ಕೈ ತೊಳೆದ ಕೂಡಲೇ ಒರೆಸಿಕೊಳ್ಳಲು ಅವರು ಅದನ್ನು ಕೊಡಬೇಕು, ಆಗ ಫೋಟೋ.

ವಾಂತಿಭೇದಿ ಶುರುವಾದಾಗ ಇಲಾಖೆಯವರು ಓಡಿ ಬಂದದ್ದೇನೋ ನಿಜ. ಚರಂಡಿ ನೀರು ಕುಡಿಯುವ ಪೈಪಿಗೆ ಸೇರುತ್ತಿದೆ ಎಂದು ಕಂಡುಹಿಡಿದು ಗಲ್ಲಿಯ ನಲ್ಲಿಗಳನ್ನೆಲ್ಲ ಬಂದ್ ಮಾಡಿದರು. ಪೈಪ್ ಸರಿಮಾಡುವವರು ಮಾತ್ರ ಇನ್ನೂ ಬಂದಿರಲಿಲ್ಲ. ದಿನಾ ಟ್ಯಾಂಕರ್ ಕಳಿಸುತ್ತೇವೆ ಎಂದಿದ್ದರು. ಅದು ಬಂದರೆ ಬಂತು, ಇಲ್ಲವಾದರೆ ಇಲ್ಲ. ತಪ್ಪದೆ ಬಂದದ್ದು ಮೈಕಿನ ಗಾಡಿ, ಗೋಡೆಗೆ ಅಂಟಿಸುವ ಚಿತ್ರ, ಈಗ ಈ ಬೇಸಿನ್.

ಅವಳ ಮಗಳು ಆಸ್ಪತ್ರೆಯಲ್ಲಿದ್ದಳು. ಸಂಜೆ ಮನೆಗೆ ಕಳಿಸುತ್ತಾರೆ. "ಪಾತ್ರೆ, ಬಟ್ಟೆ, ಕೈ, ಎಲ್ಲಾ ಚೊಕ್ಕಟವಾಗಿರ್ಬೇಕು. ಇನ್ನೊಂದು ಸಲ ಆದ್ರೆ ಹುಡುಗಿ ತಡ್ಕೊಳಲ್ಲ," ಎಂದು ಡಾಕ್ಟರಮ್ಮ ಹೇಳಿದ್ದರು. ಮನೆಯಲ್ಲಿ ಇದ್ದದ್ದು ಇಸ್ತ್ರಿ ಬಟ್ಟೆಗೆ ಚಿಮುಕಿಸಲು ಇಟ್ಟುಕೊಂಡ ಅರ್ಧ ಬಾಟಲಿ ನೀರು. ಅದಕ್ಕೇ ಅವಳು ಫೋಟೋಗೆ ನಿಲ್ಲಲು ಒಪ್ಪಿದ್ದು. ನಿಂತರೆ ಟ್ಯಾಂಕರ್ ಇಲ್ಲೇ ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಆರೋಗ್ಯಾಧಿಕಾರಿ, "ಮೊದ್ಲು ಕಾರ್ಯಕ್ರಮ ಚೆನ್ನಾಗಿ ಆಗ್ಲಿ," ಎಂದಿದ್ದರು. ಇಲ್ಲ ಎಂದಿರಲಿಲ್ಲ.

"ನಗೇ ಸ್ವಲ್ಪ! ಮುಖ ನೋಡಿದ್ರೆ ಅಂಗಿ ಸುಟ್ಟು ಹಾಕಿದವಳ ಥರ ಇದೀಯ," ಎಂದು ಜನರ ನಡುವಿನಿಂದ ಎದುರು ಮನೆಯವಳು ಕೂಗಿದಳು. ಬಾಯಿ ಮುಚ್ಚದ ಅವಳನ್ನು ಗಲ್ಲಿಯವರು ರೇಡಿಯೋ ಎಂದೇ ಕರೆಯುತ್ತಿದ್ದರು.

ಜನ ನಕ್ಕರು. ಆ ನಗುವಿನ ನಡುವೆಯೇ, ಬೆನ್ನ ಹಿಂದೆ ಟ್ಯಾಂಕರಿನ ಡ್ರೈವರ್ ಮೆಲ್ಲಗೆ ಕೇಳಿದ್ದು ಅವಳ ಕಿವಿಗೆ ಬಿತ್ತು. "ಸಾರ್, ಮುಂದಿನ ಕಾರ್ಯಕ್ರಮಕ್ಕೆ ಹೊತ್ತಾಯ್ತು. ಹೊರಡ್ಲಾ?"

"ಈಯಮ್ಮ ಕೈ ತೊಳೆದ ತಕ್ಷಣ ಹೊರಡು," ಎಂದರು ಆರೋಗ್ಯಾಧಿಕಾರಿ. ಟ್ಯಾಂಕರಿನ ಎಂಜಿನ್ ಗುರುಗುಟ್ಟಿತು.

ಅವರು ಮುಂದೆ ಬಂದು ನಲ್ಲಿ ತಿರುಗಿಸಿದರು. ನೀರು ಬೇಸಿನ್ನಿಗೆ ಸುರಿಯಿತು. ಅವಳ ಕೈ ಕದಲಲಿಲ್ಲ.

"ತೊಳೀರಮ್ಮಾ."

"ಇಲ್ಲ ಸಾರ್." ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಮೊಣಕೈಯಿಂದ ನಲ್ಲಿ ನಿಲ್ಲಿಸಿದಳು. "ನೀರು ದಂಡ ಆಗ್ತಿದೆ. ನಾನು ಮನೇಲಿ ತೊಳ್ಕೋತೀನಿ."

"ಮನೇಲೆಲ್ಲಿದೆ ನೀರು?" ಎಂದುಬಿಟ್ಟರು ಆರೋಗ್ಯಾಧಿಕಾರಿ. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ಕೇಳಿದ್ರೇನ್ರೇ! ಸಾಹೇಬ್ರಿಗೂ ಗೊತ್ತಿದೆ!" ರೇಡಿಯೋ ಚಪ್ಪಾಳೆ ತಟ್ಟಿದಳು. "ಇಷ್ಟು ದಿನ ನಾವು ಹೇಳ್ತಿದ್ದದ್ದು ಸುಳ್ಳಾಗಿತ್ತು. ಈಗ ಸರ್ಕಾರಾನೇ ಹೇಳ್ತು ನೋಡಿ!"

ಮಂತ್ರಿಗಳು ನಗು ಸಡಿಲಿಸದೆ ಬಗ್ಗಿದರು. "ಏನಾಗ್ಬೇಕಮ್ಮಾ ನಿಂಗೆ?"

"ಆ ಟ್ಯಾಂಕರ್ ಇಲ್ಲೇ ಇರ್ಬೇಕು ಸಾರ್. ಪೈಪ್ ಸರಿಯಾಗೋವರ್ಗೂ. ಸಂಜೆ ನನ್ನ ಮಗಳು ಬರ್ತಾಳೆ."

"ನೋಡೋಣ, ಮಾಡ್ಸೋಣ. ಈಗ ತೊಳಿ."

"ನೀವು ನೋಡಿ ಸಾರ್. ಆಮೇಲೆ ತೊಳೀತೀನಿ."

ಆರೋಗ್ಯಾಧಿಕಾರಿ ಅವಳ ಕಿವಿಯ ಹತ್ತಿರ ಬಂದರು. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಮಗಳನ್ನು ಆಂಬುಲೆನ್ಸಿಗೆ ಹತ್ತಿಸಿದಾಗ ಗ್ಲೂಕೋಸ್ ಬಾಟಲಿಯನ್ನು ದಾರಿಯುದ್ದಕ್ಕೂ ಎತ್ತಿ ಹಿಡಿದಿದ್ದವರು ಇವರೇ. ಅದು ನೆನಪಾಗಿ ಅವಳಿಗೆ ಒಂದು ಕ್ಷಣ ತಪ್ಪು ಮಾಡುತ್ತಿದ್ದೇನೇನೋ ಅನ್ನಿಸಿತು.

"ನನ್ನ ಮರ್ಯಾದೆ ಉಳಿಸಿ ಅಮ್ಮಾ. ಊರಿಗೆಲ್ಲಾ ಇರೋದೇ ನಾಲ್ಕು ಟ್ಯಾಂಕರ್. ಕಳ್ಸೋದು ಬಿಡೋದು ನನ್ನ ಕೈಲಿಲ್ಲ."

"ನಂಗೊತ್ತು ಸಾರ್. ಕೈಲಿರೋರು ಟವೆಲ್ ಹಿಡ್ಕೊಂಡು ನಿಂತಿದಾರಲ್ಲ."

ರೇಡಿಯೋ ಜನರನ್ನು ಸರಿಸಿಕೊಂಡು ಬಂದು ಸಾಬೂನು ತೆಗೆದುಕೊಂಡಳು, ಗೆಳತಿಯ ಕೈಯ ನೊರೆಯಲ್ಲೇ ಅದನ್ನು ಒದ್ದೆ ಮಾಡಿ ಮೊಣಕೈವರೆಗೆ ಬಳಿದುಕೊಂಡು ಪಕ್ಕದಲ್ಲಿ ನಿಂತಳು. ಚಪ್ಪಲಿ ಹೊಲಿಯುವ ಮುದುಕ ಬಂದ. ಎಂದೂ ಸೊಸೆಯ ಪರ ಮಾತಾಡದ ಇಸ್ತ್ರಿಯವಳ ಅತ್ತೆ ಬಂದಳು. "ನಂಗೂ ಇಷ್ಟು ಹಚ್ಚೇ," ಎಂದು ಸುಕ್ಕುಗಟ್ಟಿದ ಕೈ ಚಾಚಿದಳು. ನೋಡನೋಡುತ್ತ ಗಲ್ಲಿಯ ಅಡ್ಡಕ್ಕೂ ಬಿಳಿ ಕೈಗಳು.

ಕ್ಯಾಮೆರಾದವನು ಕ್ಯಾಮೆರಾ ಎತ್ತಿದ. "ಇದನ್ನ ತೆಗೀಬೇಡ," ಎಂದರು ಮಂತ್ರಿಗಳು.

ಬಿಸಿಲಿಗೆ ಗುಳ್ಳೆಗಳು ಒಂದೊಂದಾಗಿ ಒಡೆದವು. ನೊರೆ ಆರಿ ಚರ್ಮ ಬಿಗಿಯತೊಡಗಿತು, ಬೆರಳ ಸಂದು ತುರಿಸಿತು. ಒಬ್ಬರೂ ಕೈ ಇಳಿಸಲಿಲ್ಲ. ಮಂತ್ರಿಗಳು ಟವೆಲನ್ನು ಎಲ್ಲಿಡುವುದೆಂದು ತಿಳಿಯದೆ ಸುತ್ತ ನೋಡಿದರು. ಕೊನೆಗೆ ಬೇಸಿನ್ನಿನ ಅಂಚಿಗೆ ಹಾಕಿ ಕಾರು ಹತ್ತಿದರು. ಕಿಟಕಿಯಿಂದ ಆರೋಗ್ಯಾಧಿಕಾರಿಗೆ, "ಟ್ಯಾಂಕರ್ ಹೊರಡ್ಸಿ, ನೀವೂ ಬನ್ನಿ," ಎಂದರು. ಕಾರು ಧೂಳೆಬ್ಬಿಸಿ ಹೋಯಿತು.

"ಸಾರ್?" ಎಂದ ಡ್ರೈವರ್, ಸ್ಟೇರಿಂಗಿನ ಮೇಲೆ ಕೈಯಿಟ್ಟು.

ಆರೋಗ್ಯಾಧಿಕಾರಿ ಆ ಕೈಗಳ ಸಾಲನ್ನು ನೋಡುತ್ತ ನಿಂತರು. ಆಮೇಲೆ ಚರಂಡಿಯ ಪಕ್ಕಕ್ಕೆ ನಡೆದು, ಬಗ್ಗಿ, ಒಂದು ದಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಕಿತ್ತು ತಂದು ಟ್ಯಾಂಕರಿನ ಮುಂದಿನ ಗಾಲಿಗೆ ಅಡ್ಡ ಕೊಟ್ಟರು. ಕಾಲಿನಿಂದ ಒದ್ದು ಗಟ್ಟಿ ಮಾಡಿದರು. ಎಂಜಿನ್ ನಿಂತಿತು.

ಅವರ ಕೈ ತುಂಬ ಕೆಸರಾಗಿತ್ತು. ಇಸ್ತ್ರಿ ಅಂಗಡಿಯವಳು ತುಸು ಸರಿದು, ಬೇಸಿನ್ನಿನ ಮುಂದೆ ಅವರಿಗೆ ಜಾಗ ಬಿಟ್ಟಳು.