ಕೊಂಬೆಗೆ ಕಟ್ಟಿದ ದಾರ

ಚಪ್ಪಾಳೆ ನಿಲ್ಲುತ್ತಲೇ ಇಲ್ಲ, ಗೋಡೆಯ ಮೇಲೆ ಬಿದ್ದ ಚಿತ್ರದಲ್ಲಿ ಎರಡು ಬಾಯಿ, ಪಿಕಳಾರ ಹಕ್ಕಿಯ ಎರಡು ಮರಿಗಳ ಬಾಯಿ, ಗಂಟಲಿನ ಕೆಂಪು ಕೂಡ ಕಾಣುವಷ್ಟು ಅಗಲ, ಅದ್ಭುತ ಸರ್, ಅಂತ ಪಕ್ಕದ ಕುರ್ಚಿಯಲ್ಲಿ ಬ್ಯಾಂಕಿನ ಕ್ಯಾಷಿಯರು, ಏನಿಲ್ಲ ರೀ, ತಾಳ್ಮೆ ಬೇಕು ಅಷ್ಟೇ, ಅಂತ ಹಲ್ಲಿನ ಡಾಕ್ಟರು — ತಾಳ್ಮೆಯಂತೆ ತಾಳ್ಮೆ, ಅವಳಿಗೆ ಮೈಯೆಲ್ಲ ಉರಿಯಿತು, ದಿನವಿಡೀ ಊರವರ ಬಾಯಿ ತೆರೆಸಿ ನೋಡುವವರಿಗೆ ಇನ್ನೆರಡು ಬಾಯಿ ಯಾವ ಲೆಕ್ಕ. ಅವರದೇ ದವಾಖಾನೆ, ರೋಗಿಗಳು ಕೆನ್ನೆ ಹಿಡಿದು ಕೂರುವ ಅದೇ ಕುರ್ಚಿಗಳು, ಲವಂಗದೆಣ್ಣೆಯ ವಾಸನೆ, ಫೋಟೋ ಕ್ಲಬ್ಬಿನ ತಿಂಗಳ ಸಭೆ ಯಾವಾಗಲೂ ಇಲ್ಲೇ. ಇವತ್ತು ವರ್ಷದ ಪ್ರದರ್ಶನಕ್ಕೆ ಚಿತ್ರ ಆರಿಸುತ್ತಾರೆ, ಆರಿಸುವವರು ಡಾಕ್ಟರೇ, ಅವರ ಮರಿಗಳ ಚಿತ್ರವಾದ ಮೇಲೆ ಅವಳ ಸರದಿ, ವರ್ಷವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಇದಕ್ಕೇ ತಾನೆ, ಈಗ ಮಾತ್ರ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ.

ಮೊದಮೊದಲು ತೆಗೆದದ್ದನ್ನು ಗಂಡ ನೋಡಿ, ಏನೇ ಇದು, ಭೂಕಂಪ ಆದಾಗ ತೆಗೆದಿದ್ದಾ, ಅಂತ ಬಿದ್ದು ಬಿದ್ದು ನಕ್ಕಿದ್ದ, ತಮ್ಮ ಕೊಟ್ಟ ಹಳೇ ಕ್ಯಾಮೆರಾ, ಔಷಧಿ ಅಂಗಡಿಯ ಕೌಂಟರಿನಲ್ಲಿ ವಾರವಿಡೀ ಮಾತ್ರೆ ಕತ್ತರಿಸಿ ಕೊಡುವ ಕೈ, ಆ ಕೈ ನಡುಗದಂತೆ ಮಾಡಿದವರು ಇದೇ ಡಾಕ್ಟರು, ಸುಳ್ಳು ಯಾಕೆ ಹೇಳಬೇಕು. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಆಮೇಲೆ ಒತ್ತಿ, ಮೊದಲು ಬೆಳಕು ಎಲ್ಲಿಂದ ಬರುತ್ತೆ ನೋಡಿ, ಪ್ರತಿ ಭಾನುವಾರ ಮಾರ್ಕೆಟ್ಟಿನ ಗಲ್ಲಿ, ರೈಲು ಸೇತುವೆ, ಬಸ್ ಡಿಪೋ, ಅವರ ಹಿಂದೆ ಹಿಂದೆ ಓಡಿದ್ದೇ ಓಡಿದ್ದು. ಕಲಿತಳು, ನೋಡುವುದನ್ನು ಕಲಿತಳು, ಕಲಿಸಿದವರ ಮೇಲೆ ಹೀಗೆ ಕೆಂಡ ಕಾರುವ ಹಾಗಾಯಿತಲ್ಲ, ಅದಕ್ಕೂ ಸಿಟ್ಟು.

ಡಿಪೋ ಹಿಂದಿನ ಬೇಲಿಯಲ್ಲಿ ಗೂಡು ಕಂಡದ್ದು ಅವಳಿಗೇ, ಆ ಭಾನುವಾರ ಅವರಿಬ್ಬರ ಹೊರತು ಬೇರೆ ಯಾರೂ ಬಂದಿರಲಿಲ್ಲ, ಎಲೆ ತುಂಬಿದ ಕೊಂಬೆಯೊಂದು ಗೂಡಿನ ಮೇಲೆ ಕೊಡೆ ಹಿಡಿದ ಹಾಗೆ, ಅದು ಅಡ್ಡ ಬರುತ್ತಲ್ಲಾ ಛೆ, ಅಂದರು ಡಾಕ್ಟರು, ಚೀಲದಿಂದ ತೆಗೆದರು ಹಲ್ಲಿನ ಸಂದಿಗೆ ಹಾಕುವ ಆ ಬಿಳಿ ದಾರ, ನಿಮ್ಮ ಬೆರಳು ಸಣ್ಣ, ಕೊಂಬೆ ಪಕ್ಕಕ್ಕೆ ಎಳೆದು ನೀವೇ ಕಟ್ಟಿಬಿಡಿ. ಕಟ್ಟಿದಳು. ನನ್ನನ್ನೇ ಕೇಳಿದರಲ್ಲ ಅಂತ ಉಬ್ಬಿಹೋಗಿ ಕಟ್ಟಿದಳು, ಪೆದ್ದಿ, ಬಿಸಿಲು ನೇರ ಮರಿಗಳ ಮೇಲೆ ಬಿತ್ತು, ಅವು ತಾಯಿ ಬಂತೆಂದು ಬಾಯಿ ತೆರೆದವು, ಡಾಕ್ಟರು ಕ್ಲಿಕ್ಕಿಸಿದರು, ದಾರ ಚೌಕಟ್ಟಿನ ಆಚೆ ಉಳಿಯಿತು. ಬಿಚ್ಚಲಾ ಸರ್? ಬೇಡ ಬೇಡ, ಸಂಜೆ ಬೆಳಕಿಗೆ ಇನ್ನೊಂದ್ಸಲ ಬರ್ತೀನಿ, ನಾನೇ ಬಿಚ್ತೀನಿ. ಬುಧವಾರ ಅಂಗಡಿಯಿಂದ ನೇರ ಅಲ್ಲಿಗೆ ಹೋದಳು, ಮರಿ ಎಷ್ಟು ದೊಡ್ಡದಾದವೋ ನೋಡೋಣ ಅಂತ, ಗೂಡಿನಲ್ಲಿ ಒಂದಿಷ್ಟು ಪುಕ್ಕ, ಕಾಂಪೌಂಡಿನ ಮೇಲೆ ಕಾಗೆ, ತಂತಿಯ ಮೇಲೆ ತಾಯಿ, ಕೊಕ್ಕಿನಲ್ಲಿ ಹುಳ ಹಿಡಿದುಕೊಂಡೇ ಕೂತಿದೆ, ಕೊಂಬೆ ಹಾಗೇ ಎಳೆದುಕೊಂಡಿದೆ, ದಾರ ಹಾಗೇ ಇದೆ. ಅಲ್ಲೂ ಅವಳ ಕೈ ಮೊದಲು ದಾರಕ್ಕೆ ಹೋಗಲಿಲ್ಲ, ಕ್ಯಾಮೆರಾಕ್ಕೆ ಹೋಯಿತು — ಬೆಳಕು ಎಡಗಡೆಯಿಂದ ಬರುತ್ತಿತ್ತು, ಚೆನ್ನಾಗಿತ್ತು, ಥೂ, ಅದನ್ನೂ ನೋಡಿದಳಲ್ಲ. ಬಿಚ್ಚಿದ್ದು ಆಮೇಲೆ.

ಮುಂದಿನದು ಯಾರದ್ದು, ಓ ನಿಮ್ಮದಾ, ಹಾಕಿ ಹಾಕಿ, ಗೋಡೆಯ ಮೇಲೆ ಮರಿಗಳು ಹೋಗಿ ಖಾಲಿ ಗೂಡು ಬಂತು. ಈಗ ಗೊತ್ತಾಗುತ್ತೆ, ಈಗ ಅವರ ಮುಖ ಕಪ್ಪಿಡುತ್ತೆ, ಅಂತ ಉಗುರು ಅಂಗೈಗೆ ನಾಟುವಷ್ಟು ಮುಷ್ಟಿ ಬಿಗಿದಳು. ಡಾಕ್ಟರು ಕನ್ನಡಕ ಏರಿಸಿದರು, ವಾಹ್, ಎಷ್ಟು ಸುಧಾರಿಸಿದ್ದೀರಿ ನೀವು, ಬೆಳಕು ನೋಡಿ ಎಲ್ಲರೂ, ಬೆಳಕು ನೋಡಿ, ನನ್ನ ಚಿತ್ರ ಪಕ್ಕಕ್ಕಿಡಿ, ಪ್ರದರ್ಶನಕ್ಕೆ ಇದೇ ಹೋಗ್ಲಿ. ಅವಳ ಎದೆ ಒಂದು ಕ್ಷಣ ಹಿಗ್ಗಿತು, ಹಿಗ್ಗಿತಲ್ಲ, ದರಿದ್ರದ್ದು. ಒಂದೇ ಒಂದು ಮಾತು ಅಂದರು ಡಾಕ್ಟರು, ಎಡಗಡೆ ಅದೇನೋ ಬಿಳಿ ದಾರ, ಕಸ ಇರ್ಬೇಕು, ಕಣ್ಣಿಗೆ ಚುಚ್ಚುತ್ತೆ, ಅಷ್ಟು ಕತ್ತರಿಸಿಬಿಡಿ, ಗೆದ್ದ ಹಾಗೇ. ಅವರ ದನಿಯಲ್ಲಿ ಕಪಟ ಇಲ್ಲ, ನಿಜವಾಗಿ ಮರೆತಿದ್ದಾರೆ, ಸಂಜೆ ಬರ್ತೀನಿ ಅಂದದ್ದು, ಕಟ್ಟಿಸಿದ್ದು, ತಮ್ಮ ಚೀಲದ್ದೇ ದಾರ, ಎಲ್ಲ ಅಳಿಸಿಹೋಗಿದೆ, ನಾಟಕ ಆಡಿದ್ದರೆ ಎಷ್ಟೋ ವಾಸಿಯಿತ್ತು. ಹೂಂ ಅಂದುಬಿಡಮ್ಮ, ಅಂತ ಕ್ಯಾಷಿಯರು ಪಿಸುಗುಟ್ಟಿದ. ಅವಳು ಎದ್ದಳು, ಕುರ್ಚಿ ಕಿರ್ರೆಂದಿತು, ಕತ್ತರಿಸಲ್ಲ ಸರ್, ಅದು ಕಸ ಅಲ್ಲ, ನಿಮ್ಮ ದಾರ, ನೀವು ಕೊಟ್ಟಿದ್ದು, ನಾನು ಕಟ್ಟಿದ್ದು, ನಿಮ್ಮ ಫೋಟೋದಲ್ಲಿದ್ದ ಮರಿಗಳದ್ದೇ ಈ ಗೂಡು. ಯಾವ ದಾರ ರೀ, ಅನ್ನುತ್ತ ಡಾಕ್ಟರು ಗೋಡೆಯ ಹತ್ತಿರ ನಡೆದರು, ಎಲ್ಲರೂ ಕತ್ತು ಚಾಚಿದರು, ಬಯಲಾದ ಗೂಡು, ಎಳೆದು ಹಿಡಿದ ಕೊಂಬೆ, ಅದರ ಕುತ್ತಿಗೆಗೆ ದಾರ, ಬಿಳಿ ದಾರ, ಬಿಚ್ಚಿಕೊಳ್ಳದಿರಲಿ ಅಂತ ಅವಳೇ ಎರಡು ಸುತ್ತು ಹಾಕಿ ಬಿಗಿದ ಗಂಟು, ದಾರ, ದಾರ.