ಕಾಲಿಗೆ ಬೀಳುವವರು

ಮೈಕು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು, ಹೆಂಗಸರ ಎಂಟುನೂರು ಮೀಟರಿಗೆ ಹೆಸರು ಕೊಟ್ಟವರು ಬರ್ರಿ ಬರ್ರಿ ಅನ್ನುವುದು ನಿಂತೇ ಹೋಯಿತು, ಕೂಗಿದ ಹೆಸರುಗಳಲ್ಲಿ ಸುನಂದಾಳ ಹೆಸರಿಲ್ಲ, ಇರಲಿ, ಕೊನೆಗೆ ಕೂಗುತ್ತಾರೇನೋ, ಎದೆಯ ಮೇಲೆ ಪಿನ್ನು ಚುಚ್ಚಿದ ನಂಬರು ಇದೆಯಲ್ಲ, ಬೆಳಿಗ್ಗೆ ಇವರೇ ಕೊಟ್ಟದ್ದು – ಗಾಳಿಗೆ ಸುಣ್ಣದ ಪುಡಿ ಎದ್ದು ಮೂಗಿಗೆ ಬರುತ್ತಿದೆ, ಬಾಗೇವಾಡಿಯ ಮೈದಾನದ ಕರಿಮಣ್ಣು ಕಾದು ಬೂಟಿನೊಳಗೂ ಬಿಸಿ, ಅಲ್ಲಿ ಗೆರೆಯ ಹತ್ತಿರ ಐಶ್ವರ್ಯ ಮೊಣಕಾಲು ಎತ್ತೆತ್ತಿ ಕುಣಿಯುತ್ತಿದ್ದಾಳೆ, ಹುಚ್ಚು ಹುಡುಗಿ, ಮೊದಲೇ ದಣಿಯಬೇಡ ಅಂತ ಎಷ್ಟು ಸಲ ಹೇಳುವುದು, ಹೂವಿನ ಹಿಪ್ಪರಗಿಯ ರಸ್ತೆಯಲ್ಲಿ ನಸುಕಿನಲ್ಲಿ ತೊಗರಿ ಹೊಲಗಳ ಮಗ್ಗುಲಿಗೆ ಇಬ್ಬರೂ ಓಡುವಾಗಲೂ ಹೀಗೇ, ಲೇ ಅಕ್ಕಾ, ಇವತ್ತ ನಿನ್ನ ಹಿಂದ ಹಾಕೇ ಹಾಕ್ತೇನಿ ನೋಡು, ಹಾಕಲೇ, ಯಾರ ಬ್ಯಾಡ ಅಂತಾರ, ಅಂದು ಸುನಂದಾ ನಗುತ್ತಿದ್ದಳು. ಈಗ ನಗು ಬರುತ್ತಿಲ್ಲ. ಓಟ ನಡೆಸುವ ಸಂಘದ ಹಿರಿಯ ಚನ್ನಬಸಯ್ಯ ಇತ್ತ ಬರುತ್ತಿದ್ದಾರೆ, ಕೈಯಲ್ಲಿ ಸೀಟಿ ಇರಬೇಕಿತ್ತು, ಭಂಡಾರದ ತಾಟು ಇದೆ, ಅರಿಸಿನ ಹಾರದಂತೆ ಅಂಗೈ ಅಡ್ಡ ಹಿಡಿದಿದ್ದಾರೆ.

ಯವ್ವಾ, ನೀ ದೇವರ ಮಂದಿ, ನೀ ಮನಷ್ಯಾರ ಕೂಡ ಪಂದ್ಯಾ ಕಟ್ಟೂದು ಬರೋಬ್ಬರಿ ಅಲ್ಲ, ಹುಡುಗ್ಯಾರ ಹಣಿಗಿ ಭಂಡಾರ ಹಚ್ಚಿ ಉಧೋ ಅನ್ನು, ಓಟ ಸುರು ಆಗಲಿ. ನಂಬರ ಕೊಟ್ಟೀರಲ್ರಿ ನನಗ? ನಂಬರ ಇರಲಿ ಬಿಡವಾ, ಛಂದ ಕಾಣ್ತೈತಿ. ತಾಟು ಕೈಗೆ ಬಂದಾಯಿತು, ಹೇಗೆ ಹಿಡಿದುಕೊಂಡಳೋ, ಕೈಗೆ ರೂಢಿ, ತಾಟು ಕಂಡರೆ ತಾನೇ ಚಾಚುತ್ತದೆ, ಸೀರೆ ಬಿಚ್ಚಿಟ್ಟು ಓಟದ ಬಟ್ಟೆ ಹಾಕಿದರೇನು, ಕೊರಳಲ್ಲಿ ಎಲ್ಲಮ್ಮನ ಮುತ್ತು ಹಾಗೇ ಇದೆ, ಕೆಂಪು ಬಿಳಿ ಮಣಿ – ಗಂಡುಮಗ ಅಂತ ಹೆಸರಿಟ್ಟ ಅಪ್ಪನ ಮುಂದೆ ನಾನು ಹುಡುಗಿ ಅಂದ ದಿನ ಅವನು ಕೊಟ್ಟಿಗೆಯಲ್ಲಿ ಕೂಡಿಹಾಕಿ ಬಾರುಕೋಲು ಮುರಿಯುವ ತನಕ ಹೊಡೆದ, ಮರುವರ್ಷ ಇವಳ ಮೈಮೇಲೆ ಎಲ್ಲಮ್ಮ ಬಂದಾಳ ಅಂತ ಸೋದರತ್ತೆ ಕೂಗಿದಳು, ಮುತ್ತು ಕಟ್ಟಿ ಜೋಗತಿ ಮಾಡಿದರು, ಅದೇ ಅಪ್ಪ ಹಸಿರು ಸೀರೆ ತಂದಿಟ್ಟು ಕಾಲಿಗೆ ಬಿದ್ದ. ಎಲ್ಲಮ್ಮ ಬಂದಿದ್ದಳೋ ಇಲ್ಲವೋ, ಮೈ ನಡುಗಿದ್ದು ನಿಜ, ಹೆದರಿದರೂ ಮೈ ನಡುಗುತ್ತದೆ. ಅಂದಿನಿಂದ ಮಂಗಳವಾರ ಶುಕ್ರವಾರ ಬಾಗಿಲಲ್ಲಿ ಹೆಂಗಸರು, ಕೂಸು ಬೇಕು ಅಂತ ಒಬ್ಬಳು, ಗಂಡ ಕುಡಿತ ಬಿಡಲಿ ಅಂತ ಒಬ್ಬಳು, ಬಗ್ಗಿ ಎರಡೂ ಪಾದ ಹಿಡಿಯುತ್ತಾರೆ, ಹಿಡಿದವರು ಬೇಗ ಬಿಡುವುದಿಲ್ಲ, ಅಷ್ಟು ಹೊತ್ತು ಇರುವೆ ಕಚ್ಚಿದರೂ ಕಾಲು ಅಲುಗಿಸುವಂತಿಲ್ಲ.

ಐಶ್ವರ್ಯಳ ತಾಯಿ ಬಾಳಮ್ಮ ಮೊನ್ನೆ ಬಂದಿದ್ದಳು, ಅವಳೂ ಮೊದಲು ಕಾಲು ಹಿಡಿದೇ ಮಾತು ತೆಗೆದಳು, ಸಿಟ್ಟಾಗಬ್ಯಾಡ ತಾಯಿ, ನಿನ್ನ ಕಾಲ ಎಷ್ಟ ಉದ್ದ ಅದಾವು, ನನ್ನ ಮಗಳವು ಎಷ್ಟ ಅದಾವು, ಗೆದ್ದಾಕಿ ಒಬ್ಬಾಕಿನ ಜಿಲ್ಲಾಕ್ಕ ಹೋಗಾಕಿ, ಇದೊಂದು ತಪ್ಪಿತಂದ್ರ ಅವರಪ್ಪ ಬರೂ ಉಗಾದಿಗೆ ಮದಿವಿ ಮಾಡಿ ಮುಗಸ್ತಾನ. ಸಿಟ್ಟು ಬರಲಿಲ್ಲ, ಅದೇ ಕಷ್ಟ, ಬಾಳಮ್ಮ ಕೇಳಿದ್ದು ಸುಳ್ಳಲ್ಲ – ಮೈ ಹೆಣ್ಣಾಗಲಿ ಅಂತ ವಿಜಯಪುರದ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತ ಮೂರನೆಯ ವರ್ಷ, ತೊಡೆ ಸೊರಗಿದೆ, ಏರು ಬಂದರೆ ಏದುಸಿರು, ಹಿಂದೆಲ್ಲೋ ಉಳಿಯುತ್ತಿದ್ದ ಐಶ್ವರ್ಯಳ ಉಸಿರು ಈಗ ಹೆಗಲಿಗೆ ತಾಗುತ್ತದೆ, ಒಮ್ಮೊಮ್ಮೆ ದಾಟಿಯೇ ಹೋಗುತ್ತಾಳೆ, ಆದರೆ ಕಾಲು? ಎಲುಬು ಯಾವ ಗುಳಿಗೆಗೆ ಗಿಡ್ಡವಾದೀತು? ನ್ಯಾಯ ಯಾವುದೋ ಸುನಂದಾಳಿಗೂ ಗೊತ್ತಿಲ್ಲ, ತಿಳಿದವರು ಎದುರು ಕೂತು ಹೇಳಿದ್ದರೆ ಕೇಳುತ್ತಿದ್ದಳು, ರಕ್ತ ತೆಗೆದು ನೋಡ್ರಿ, ಓಡಿಸಿ ನೋಡ್ರಿ, ಆಮೇಲೆ ಬೇಡ ಅಂದರೆ ಬೇಡ ಅನ್ರಿ, ಅತ್ತು ಮನೆಗೆ ಹೋಗುತ್ತೇನೆ – ಇವರು ಬೇಡ ಅನ್ನುವುದಿಲ್ಲ, ಕೈ ಮುಗಿಯುತ್ತಾರೆ, ಬೇಡ ಅಂದವರ ಕೂಡ ಜಗಳ ಆಡಬಹುದು, ಕೈ ಮುಗಿದವರ ಕೂಡ ಏನು ಆಡುವುದು. ತಾಟು ನೆಲಕ್ಕಿಟ್ಟು, ನಾ ತಾಯಿ ಅಲ್ರಿ, ಓಡಾಕ ಬಂದ ಹೆಣ್ಮಗಳು ಅಂದುಬಿಟ್ಟರೆ? ಅಂದರೆ ಮುತ್ತು ಸುಳ್ಳು, ಮುತ್ತು ಸುಳ್ಳಾದರೆ ಸೀರೆ ಸುಳ್ಳು, ಸುನಂದಾ ಅನ್ನುವ ಹೆಸರೂ ಸುಳ್ಳು, ಶಾಮಿಯಾನದ ಕೆಳಗೆ ಅಪ್ಪ ಕೂತಿದ್ದಾನೆ, ಮಂದಿ ಅವನಿಗೆ ಮುಂದಿನ ಕುರ್ಚಿ ಕೊಟ್ಟಿದ್ದಾರೆ, ತಾಯಿಯ ಅಪ್ಪ ಅಂತ, ಅವನಿಗೆ ಕೊಟ್ಟಿಗೆಯ ದಾರಿ ಮರೆತಿಲ್ಲ. ಅವಳು ಬಾಯಿ ತೆರೆದಳು, ಉಧೋ ಅಂದಳು.

ಮಂದಿ ಉಧೋ ಉಧೋ ಅಂದರು, ಹುಡುಗಿಯರು ಸಾಲಾಗಿ ಬಂದರು, ಒಂದು ಹಣೆ, ಇನ್ನೊಂದು ಹಣೆ, ಬೆವರಿಗೆ ಅರಿಸಿನ ಮೆತ್ತಿಕೊಳ್ಳುತ್ತದೆ, ಈಗ ಎದುರಿಗೆ ಐಶ್ವರ್ಯ, ಕಣ್ಣು ನೋಡಲೊಲ್ಲಳು, ಹಿಂದೆ ಬಾಳಮ್ಮ ನಿಂತು ಅವಳ ಬೆನ್ನಿಗೆ ಕೈ ಹಚ್ಚಿದ್ದಾಳೆ, ಹುಡುಗಿ ತಾಟಿನಲ್ಲಿ ಎರಡೂ ಕೈ ಅದ್ದಿದಳು, ಬ್ಯಾಡಲೇ, ನೀ ಬ್ಯಾಡ, ಈ ಹುಡುಗಿ ಯಾವತ್ತೂ ಕಾಲಿಗೆ ಬಿದ್ದವಳಲ್ಲ, ಚಹಾ ಕಸಿದು ಕುಡಿದವಳು, ಸೋತರೆ ತಲೆಗೂದಲು ಜಗ್ಗಿದವಳು, ಬಗ್ಗಿದಳು, ಸುನಂದಾಳ ಬೂಟುಗಳನ್ನು ಗಟ್ಟಿಯಾಗಿ ಹಿಡಿದಳು, ಗೆಲ್ಲಲಿ ಅಂತ ಹರಸು ತಾಯಿ ಅಂದಳು. ತಾಯಿ ಅಂದಳು. ಗೆದ್ದು ಬಾ ಅಂತ ಸುನಂದಾಳ ಬಾಯಿಂದ ಬಂತು, ಮನಸ್ಸಿನಿಂದಲೇ ಬಂತು, ಅದಕ್ಕೇ ಅಳು ಒತ್ತಿ ಬರುತ್ತಿದೆ – ಸೀಟಿ, ಕಾಲುಗಳ ಸದ್ದು, ಮಂದಿಯ ಕೂಗು, ಐಶ್ವರ್ಯ ಮೊದಲ ತಿರುವಿನಲ್ಲಿ ಎಲ್ಲಿದ್ದಾಳೋ ನೋಡಬೇಕು, ಮೊದಲೇ ಜೋರು ಮಾಡಬೇಡ ಅಂತ ಕೂಗಬೇಕು, ಕತ್ತು ಮೇಲೇಳುತ್ತಿಲ್ಲ, ಬಿಳಿ ಬೂಟಿನ ಮೇಲೆ ಹಳದಿ ಬೆರಳುಗಳು, ಆ ಹುಡುಗಿಯ ಬೆರಳುಗಳು, ಎಡಕ್ಕೂ ಬಲಕ್ಕೂ, ಒತ್ತಿದಂತೆಯೇ ಇವೆ, ಬೆರಳುಗಳು